ಸುಳಿ ಗೋಲಿ ಯಾರ ಸ್ವತ್ತು? ಎರವಲು ಎಲ್ಲಿ ಮುಗಿಯುತ್ತೆ, ನಕಲು ಎಲ್ಲಿ ಶುರುವಾಗುತ್ತೆ?

ಸುತ್ತುಗೆರೆ (ಚರ್ಚೆ ಆರಂಭ)
ಕೈಯಲ್ಲಿ ಗಾಜಿನ ಗೋಲಿ ಮಾಡುವವರ ನಡುವೆ ಪದೇ ಪದೇ ಏಳುವ ಜಗಳ ಇದು. ಒಮ್ಮೆ ಬಿಡಿಸಿ ನೋಡೋಣ ಅಂತ ಇಲ್ಲಿಗೆ ತಂದಿದ್ದೇನೆ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಬೋರೋದಲ್ಲಿ (ಬೊರೋಸಿಲಿಕೇಟ್, ಬಿಸಿಗೆ ಕಡಿಮೆ ಹಿಗ್ಗುವ ಗಾಜು) 40 ಮಿ.ಮೀ. ಸುಳಿ ಗೋಲಿ. ಪಾರದರ್ಶಕ ಗಾಜಿನ ಬೆನ್ನಿಗೆ 12 ಗೆರೆ, ಆರು ಬಿಳಿ, ಆರು ನೀಲಿ. ಗೆರೆಗಳ ಮೇಲೆ ಕಪ್ಪು ಹೊದಿಕೆ. ಬಾಲ ಎಳೆದು ತಿರುಚಿ ಗೆರೆಗಳನ್ನು ಒಂದು ಬಿಂದುವಿಗೆ ತಂದಿದ್ದಾರೆ. ಮುಂದೆ ಲೆನ್ಸ್, ಸುಳಿಯ ಗುಂಡಿಯಲ್ಲಿ ಒಂದು ಓಪಲ್ (ಬಣ್ಣ ಮಿನುಗುವ ಹರಳು). ಚಿತ್ರ ಹಾಕಿದ ತಕ್ಷಣ ಇನ್ನೊಬ್ಬರು "ಇದು ನನ್ನ ಡಿಸೈನು" ಅಂತಾರೆ.

ಇದರಲ್ಲಿ ಯಾವುದು ಯಾರದು? ಸುಳಿಯೇ? ಗೆರೆಗಳ ಲೆಕ್ಕವೇ? ಬಣ್ಣದ ಜೋಡಿಯೇ? ಓಪಲ್ ಇಟ್ಟ ಜಾಗವೇ? "ಎಲ್ಲರೂ ಎಲ್ಲರಿಂದಲೂ ಕಲಿಯೋದೇ" ಅಂದುಬಿಟ್ಟರೆ ಮಾತು ಮುಗಿಯಿತು, ಹಾಗಾಗಿ ಅದೊಂದು ಬೇಡ. ಗೋಲಿ ಕೈಯಲ್ಲಿಟ್ಟುಕೊಂಡು ಬೆರಳಿಟ್ಟು ತೋರಿಸುವ ಹಾಗೆ ಹೇಳಿ.

ಗಾಜುಗಣ್ಣು
ಸುಳಿ ಯಾರದ್ದೂ ಅಲ್ಲ. ಬಿಸಿ ಗಾಜಿಗೆ ಗೊತ್ತಿರೋದೇ ನಾಲ್ಕು ಕೆಲಸ: ಹರಿಯುತ್ತೆ, ಎಳೆಯುತ್ತೆ, ತಿರುಚಿಕೊಳ್ಳುತ್ತೆ, ಬಿಟ್ಟರೆ ದುಂಡಗಾಗುತ್ತೆ. ಗೆರೆ ಇರುವ ಗಾಜನ್ನು ಎಳೆಯುತ್ತಾ ತಿರುಚಿದರೆ ಸುಳಿ ಆಗಲೇಬೇಕು. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಹತ್ತು ಜನ ಅದನ್ನು ಬೇರೆ ಬೇರೆ ಕಂಡುಕೊಳ್ಳಬಹುದು.

ಹಳೆಯದನ್ನು ನೋಡಿ. ಜರ್ಮನಿಯ ಲೌಷಾದಲ್ಲಿ 1840ರ ದಶಕದಲ್ಲಿ ಗೋಲಿ ಕತ್ತರಿ ಬಂತು, ತುದಿಯಲ್ಲಿ ಬಟ್ಟಲು, ಅದಕ್ಕೊಂದು ಅಲಗು. ಬಣ್ಣದ ಕಡ್ಡಿ ಕೂರಿಸಿದ ಉದ್ದನೆಯ ಗಾಜಿನ ದಂಡವನ್ನು ತಿರುಚಿ, ಬಟ್ಟಲಲ್ಲಿ ಉರುಟು ಮಾಡಿ, ಕತ್ತರಿಸಿ ಬೀಳಿಸೋದು. ಅದಕ್ಕೇ ಆ ಗೋಲಿಗಳ ಎರಡು ತುದಿಯಲ್ಲೂ ಕತ್ತರಿಸಿದ ಗುರುತು. ಒಳಗಿನ ಬಿಳಿ ಬಲೆಯಂಥ ತಿರುಳು ಅವರು ಹುಟ್ಟಿಸಿದ್ದಲ್ಲ. ವೆನಿಸ್‌ನವರು ಬಟ್ಟಲು ಹೂಜಿಗಳಲ್ಲಿ ಅದನ್ನು 16ನೇ ಶತಮಾನದಲ್ಲೇ ಮಾಡುತ್ತಿದ್ದರು. ಹಾಗಾದರೆ ಲೌಷಾದವರು ಕಳ್ಳರೇ?

ಕಡ್ಡಿಪುಡಿ
ವೆನಿಸ್‌ನವರು ಇದ್ದಿದ್ದರೆ ಹೌದು ಅನ್ನುತ್ತಿದ್ದರು 🙂 ಕುಲುಮೆಗಳನ್ನೆಲ್ಲ 1291ರಲ್ಲಿ ಮುರಾನೋ ದ್ವೀಪಕ್ಕೆ ಸಾಗಿಸಿದರು. ಬೆಂಕಿ ಅನಾಹುತದ ಭಯ ಒಂದು ಕಾರಣ. ಕೆಲಸ ಗೊತ್ತಿದ್ದವರು ಊರು ಬಿಟ್ಟು ಹೋಗದಂತೆ ಕಟ್ಟಳೆಯನ್ನೂ ಹಾಕಿದ್ದರು. ಆದರೂ ಜನ ತಪ್ಪಿಸಿಕೊಂಡು ಹೋಗಿ ಯುರೋಪಿನ ತುಂಬ "ವೆನಿಸ್ ಶೈಲಿ" ಹರಡಿತು.

ಓದುಗಾರ್ತಿ
ಅದಕ್ಕೊಂದು ಸೇರಿಸುತ್ತೇನೆ. ಹೊಸ ಕೌಶಲಕ್ಕೆ ಕೆಲ ವರ್ಷ ರಕ್ಷಣೆ ಕೊಡುವ ಕಾನೂನು ವೆನಿಸ್‌ನಲ್ಲಿ 1474ರಲ್ಲೇ ಇತ್ತು. ತಿರುಚಿದ ದಾರದಂಥ ಗಾಜಿಗೆ ಸೆರೆನಾ ಸಹೋದರರು 1527ರಲ್ಲಿ ಅಂಥ ಹಕ್ಕು ಕೇಳಿದ್ದರು. "ಇದು ನನ್ನದು" ಅನ್ನೋ ಮಾತಿಗೂ ಐನೂರು ವರ್ಷದ ವಯಸ್ಸಿದೆ ಅಂತ ಹೇಳಿದೆ ಅಷ್ಟೇ.

ತಣ್ಣನೆಬೆಂಕಿ
@ಗಾಜುಗಣ್ಣು, ತಂತ್ರ ಎಲ್ಲರದು, ಒಪ್ಪಿದೆ. ಆದರೆ ಅಲ್ಲಿಗೇ ನಿಲ್ಲಿಸಿದರೆ ನಕಲು ಮಾಡುವವರಿಗೆ ಬಾಗಿಲು ತೆರೆದಿಟ್ಟ ಹಾಗೆ. ತಂತ್ರದ ಒಳಗೆ ಎಷ್ಟು ತೀರ್ಮಾನ ಅಡಗಿರುತ್ತೆ ಅಂತ ಇಂಪ್ಲೋಷನ್ ಹೂವಿನ ಗೋಲಿಯಲ್ಲೇ (ಗಾಜು ಒಳಕ್ಕೆ ಮಡಚಿ ಹೂವು ಮೂಡಿಸೋದು) ನೋಡಿ.

12 ಮಿ.ಮೀ. ಪಾರದರ್ಶಕ ಕಡ್ಡಿಯ ತುದಿಯನ್ನು ಕರಗಿಸಿ ಗುಡ್ಡೆ ಮಾಡಿ, ಗ್ರಾಫೈಟ್ ಹಲಗೆಗೆ ನೇರವಾಗಿ ಒತ್ತಿ 30 ಮಿ.ಮೀ. ಅಗಲ, 5–6 ಮಿ.ಮೀ. ದಪ್ಪದ ಬಿಲ್ಲೆ ಮಾಡ್ತೀವಿ. ಮುಖದ ಮೇಲೆ ಹೊರಸುತ್ತಿಗೆ 8 ಚುಕ್ಕೆ, ಒಳಸುತ್ತಿಗೆ 8, ಒಳಗಿನವು ಹೊರಗಿನವುಗಳ ಸಂದಿಗೆ ಬರಬೇಕು. ನಡುವೆ ಒಂದು. ಆಮೇಲೆ ಬಿಲ್ಲೆಯ ಅಂಚಿಗೆ ಮಾತ್ರ ಉರಿ. ಅಂಚು ಒಳಕ್ಕೆ ಮಡಚಿಕೊಂಡು ಬರುವಾಗ ಚುಕ್ಕೆಗಳನ್ನು ಆಳಕ್ಕೆ ಎಳೆದುಕೊಂಡು ಹೋಗುತ್ತೆ, ಒಂದೊಂದು ಚುಕ್ಕೆಯೂ ಒಂದೊಂದು ಎಸಳು. ಮುಚ್ಚಿಕೊಂಡ ತುದಿಗೆ ಪಂಟಿ (ಹಿಡಿದುಕೊಳ್ಳೋಕೆ ಅಂಟಿಸುವ ಕಡ್ಡಿ) ಹಿಡಿಸಿ, ಮೊದಲಿನ ಕಡ್ಡಿಯನ್ನು ಸುಟ್ಟು ಬಿಡಿಸಿದರೆ ಆ ಕಡೆಯೇ ಲೆನ್ಸ್.

ಉರಿ ನಡುಮಧ್ಯಕ್ಕೆ ಹೋದರೆ ಎಸಳು ಚಪ್ಪಟೆಯಾಗಿ ಕಲೆಯ ಹಾಗೆ ಹರಡುತ್ತೆ. ಅಂಚು ಬೇಗ ಮುಚ್ಚಿದರೆ ನಡುವೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತೆ, ಆಮೇಲೆ ಏನು ಮಾಡಿದರೂ ಹೊರಬರಲ್ಲ. ಕಡ್ಡಿ ಓರೆಯಾದರೆ ಹೂವು ಒಂದು ಕಡೆ ವಾಲುತ್ತೆ.

ಈಗ ಹೇಳಿ. ಬಿಲ್ಲೆ ಮಡಚೋದು ಯಾರದ್ದೂ ಅಲ್ಲ. ಆದರೆ ಹೊರಸುತ್ತಿನಲ್ಲಿ ಚುಕ್ಕೆಯ ಮೇಲೆ ಚುಕ್ಕೆ, ಅಂದರೆ ಬಿಳಿಯ ಮೇಲೆ ಪಾರದರ್ಶಕ ನೇರಳೆ, ಅದರ ಮೇಲೆ ಸಣ್ಣ ಬಿಳಿ, ಹೀಗಿಟ್ಟು ಎಸಳಿನ ತುದಿಗೆ ಮಾತ್ರ ಅಂಚುಗೆರೆ ಬರುವ ಹಾಗೆ ಒಬ್ಬರು ಕೂರಿಸಿರುತ್ತಾರೆ. ಅದು ಕೈಗೆ ಹತ್ತೋಕೆ ನೂರು ಗೋಲಿ ಹಾಳಾಗಿರುತ್ತೆ. ಅದನ್ನೇ ಅದೇ ಬಣ್ಣ, ಅದೇ ಲೆಕ್ಕ, ಅದೇ ಅಳತೆಯಲ್ಲಿ ಇನ್ನೊಬ್ಬರು ತೆಗೆದುಕೊಂಡರೆ ಅದು ಕಲಿಕೆ ಅಲ್ಲ.

ಬೂದಿಬಣ್ಣ
ನೂರು ಗೋಲಿ ಹಾಳು ಮಾಡಿದ್ದಕ್ಕೆ ಹಕ್ಕು ಬರುತ್ತಾ? ಶ್ರಮ ಬೇರೆ, ಸ್ವಂತಿಕೆ ಬೇರೆ. ಎಂಟು ಎಸಳಿನ ನೇರಳೆ ಹೂವು ಎಷ್ಟು ಕಷ್ಟಪಟ್ಟು ಮಾಡಿದರೂ ಎಂಟು ಎಸಳಿನ ನೇರಳೆ ಹೂವೇ.

ಓದುಗಾರ್ತಿ
ಈ ಪ್ರಶ್ನೆ ಹೆಚ್ಚುಕಮ್ಮಿ ಇದೇ ರೂಪದಲ್ಲಿ ಅಮೆರಿಕದ ಕೋರ್ಟಿಗೆ ಹೋಗಿತ್ತು. ರಿಚರ್ಡ್ ಸಟಾವಾ ಅನ್ನೋ ಕಲಾವಿದರು ಪಾರದರ್ಶಕ ಗಾಜಿನೊಳಗೆ ಜೆಲ್ಲಿಮೀನು ಮಾಡುತ್ತಿದ್ದರು. ಕ್ರಿಸ್ಟೋಫರ್ ಲೌರಿ ಅನ್ನೋರೂ ಅಂಥದ್ದೇ ಮಾಡಿದರು. ಕೆಳಗಿನ ಕೋರ್ಟು ಲೌರಿಯವರಿಗೆ ತಡೆ ಹಾಕಿತು. ಮೇಲ್ಮನವಿಯಲ್ಲಿ, 2003ರಲ್ಲಿ, ಒಂಬತ್ತನೇ ಸರ್ಕ್ಯೂಟ್ ಕೋರ್ಟು ಆ ತಡೆಯನ್ನು ತೆಗೆದುಹಾಕಿತು.

ತೀರ್ಪಿನ ತಿರುಳು ಇಷ್ಟು. ಗಾಜಿನೊಳಗೆ ಜೆಲ್ಲಿಮೀನು ಅನ್ನೋದು ಒಂದು ಐಡಿಯಾ. ಅದು ನೆಟ್ಟಗೆ ತೇಲೋದು, ಬಣ್ಣ ಹೊಳೆಯೋದು, ಹೊರಗಿನ ಗಾಜು ಕೆಳಕ್ಕೆ ಸಣ್ಣಗಾಗೋದು, ಇವೆಲ್ಲ ಆ ಪ್ರಾಣಿಯಿಂದ ಮತ್ತು ಆ ಮಾಧ್ಯಮದಿಂದ ತಾನಾಗಿ ಬರುವ ಲಕ್ಷಣ. ಇವುಗಳ ಮೇಲೆ ಯಾರಿಗೂ ಹಕ್ಕಿಲ್ಲ. ಉಳಿಯೋದು "ತೆಳುವಾದ" ಹಕ್ಕು: ಜೋತಾಡುವ ಎಳೆಗಳ ನಿರ್ದಿಷ್ಟ ಬಾಗು, ನಿರ್ದಿಷ್ಟ ಬಣ್ಣದ ಜೋಡಣೆ, ನಿರ್ದಿಷ್ಟ ಆಕಾರ. ಹೆಚ್ಚುಕಮ್ಮಿ ತದ್ರೂಪು ಮಾಡಿದರೆ ಮಾತ್ರ ತಪ್ಪು.

ಅದು ಆ ದೇಶದ ಒಂದು ಕೋರ್ಟಿನ ಮಾತು, ಎಲ್ಲ ಕಡೆ ನಡೆಯಲ್ಲ. ಆದರೆ ಯೋಚನೆಯ ದಾರಿ ನಮ್ಮ ಕೆಲಸಕ್ಕೆ ಚೆನ್ನಾಗಿ ಹೊಂದುತ್ತೆ.

ಕಡ್ಡಿಪುಡಿ
ಅಂದರೆ ಜೆಲ್ಲಿಮೀನು ಎಲ್ಲರದು, *ಆ* ಜೆಲ್ಲಿಮೀನು ಮಾತ್ರ ಅವರದು.

ಓದುಗಾರ್ತಿ
ಅಷ್ಟೇ. ಪೇಟೆಂಟು ಬೇರೆ ವಿಷಯ, ಅದು ವಿಧಾನಕ್ಕೆ, ಯಂತ್ರಕ್ಕೆ. ಗೋಲಿ ಮಾಡುವ ಯಂತ್ರಕ್ಕೆ ಮಾರ್ಟಿನ್ ಕ್ರಿಸ್ಟೆನ್ಸನ್ 1905ರಲ್ಲಿ ಓಹಾಯೋದ ಆಕ್ರನ್‌ನಲ್ಲಿದ್ದಾಗ ಪೇಟೆಂಟ್ ಪಡೆದರು. ಅದಕ್ಕೂ ಮೊದಲು ಅವರು ಬೇರಿಂಗಿನ ಉಕ್ಕಿನ ಗುಂಡು ಮಾಡುವ ಯಂತ್ರ ಕಟ್ಟಿದ್ದರು. ಉಕ್ಕಿನಲ್ಲಿ ಗೊತ್ತಿದ್ದ ಉರುಟು ಮಾಡುವ ಉಪಾಯ ಗಾಜಿಗೆ ಬಂತು. ಅದೂ ಒಂಥರಾ ಎರವಲೇ, ತಮ್ಮಿಂದಲೇ ತಾವು ತಂದದ್ದು.

ಕುಲುಮೆಹುಳು
ಇಲ್ಲಿ ಯಾರೂ ಮುರಿನಿ ವಿಷಯ ಎತ್ತಿಲ್ಲ. ನಿಜವಾದ ಗೊಂದಲ ಇರೋದು ಅಲ್ಲೇ.

ಮುರಿನಿ ಅಂದರೆ ಚಿತ್ರ ಅಡ್ಡಕೊಯ್ತದಲ್ಲಿ ಕಾಣುವ ಹಾಗೆ ಗಾಜಿನ ಕಡ್ಡಿಗಳನ್ನು ಜೋಡಿಸಿ, ಕಾಯಿಸಿ, ಎಳೆದು, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದ್ದು. ಲೆಕ್ಕ ನೋಡಿ. 25 ಮಿ.ಮೀ. ದಪ್ಪ, 5 ಸೆಂ.ಮೀ. ಉದ್ದದ ಕಟ್ಟನ್ನು 3 ಮಿ.ಮೀ.ಗೆ ಎಳೆದರೆ ದಪ್ಪ ಎಂಟು ಪಟ್ಟು ಇಳಿಯುತ್ತೆ, ಉದ್ದ ಸುಮಾರು 69 ಪಟ್ಟು ಏರುತ್ತೆ. ಸುಮಾರು 3.4 ಮೀಟರ್ ಕಡ್ಡಿ. ಎರಡು ತುದಿಯಲ್ಲಿ ಚಿತ್ರ ಸೊಟ್ಟಗಾಗಿರುತ್ತೆ, ಅದನ್ನು ಬಿಸಾಕಿದರೂ 3 ಮಿ.ಮೀ. ಬಿಲ್ಲೆ ಒಂದು ಸಾವಿರದ ಹತ್ತಿರ ಸಿಗುತ್ತೆ. ಒಬ್ಬರು ಒಂದು ದಿನ ಎಳೆದ ಕಣ್ಣಿನ ಚಿತ್ರ, ಮೀನಿನ ಚಿತ್ರ, ನೂರಾರು ಜನರ ಗೋಲಿಯೊಳಗೆ ಕೂರುತ್ತೆ.

ಕೊಂಡ ಮುರಿನಿಯನ್ನು ಗೋಲಿಯಲ್ಲಿ ಕೂರಿಸಿ, ಮೇಲೆ ಲೆನ್ಸ್ ಕಟ್ಟಿ, "ನನ್ನ ಕೈಕೆಲಸ" ಅಂತ ಮಾತ್ರ ಬರೆಯುವವರ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ. ಕೊಂಡಿರೋದು ತಪ್ಪಲ್ಲ, ಕೂರಿಸೋದೂ ಸುಲಭ ಅಲ್ಲ. ಆದರೆ ನೋಡುವವರ ಕಣ್ಣು ಮೊದಲು ಹೋಗೋದು ಆ ಚಿತ್ರಕ್ಕೆ. ಆ ಚಿತ್ರ ಎಳೆದವರ ಹೆಸರು ಜೊತೆಗೆ ಇರಬೇಕು.

ನೀಲಿಗೋಲಿ
@ಕುಲುಮೆಹುಳು, ಪೂರ್ತಿ ಒಪ್ಪಿಗೆ. ಹೆಸರು ತಪ್ಪಾದರೆ ಶಾಶ್ವತವಾಗಿ ತಪ್ಪಾಗುತ್ತೆ ಅನ್ನೋದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಚಿನ್ನದ ಪುಡಿಯಂತೆ ಮಿನುಗುವ ಪಟ್ಟೆಯ ಹಳೆ ಜರ್ಮನ್ ಗೋಲಿಗಳಿಗೆ "ಲುಟ್ಜ್" ಅಂತಾರೆ. ನಿಕೋಲಸ್ ಲುಟ್ಜ್ ಇದ್ದದ್ದು ಅಮೆರಿಕದ ಬಾಸ್ಟನ್ ಆ್ಯಂಡ್ ಸ್ಯಾಂಡ್ವಿಚ್ ಗಾಜಿನ ಕಾರ್ಖಾನೆಯಲ್ಲಿ. ಆ ಗೋಲಿಗಳು ಜರ್ಮನಿಯವು. ಹೆಸರು ಮಾತ್ರ ಅವರದೇ ಅಂಟಿಕೊಂಡಿದೆ. ಆ ಮಿನುಗು ಚಿನ್ನವೂ ಅಲ್ಲ, ಗಾಜಿನೊಳಗೆ ಬೆಳೆದ ತಾಮ್ರದ ಹರಳು.

ಇನ್ನೊಂದು: ತಿರುಚಿದ ದಾರದ ಕಡ್ಡಿಗೆ ನಾವೆಲ್ಲ "ಜಾನ್ಫಿರಿಕೋ" ಅನ್ನುತ್ತೀವಲ್ಲ, ಅದು 19ನೇ ಶತಮಾನದ ವೆನಿಸ್‌ನ ಹಳೆವಸ್ತು ವ್ಯಾಪಾರಿ ಆಂಟೋನಿಯೋ ಸಾಂಕ್ವಿರಿಕೋ ಹೆಸರಿನಿಂದ ಬಂದದ್ದು. ಹಳೆಯ ಗಾಜಿನ ಪ್ರತಿಗಳನ್ನು ಮಾಡಿಸುತ್ತಿದ್ದವರು ಅವರು. ಮಾಡಿಸಿದವರ ಹೆಸರು ಉಳಿಯಿತು, ಮಾಡಿದವರದ್ದು ಹೋಯಿತು.

ಬೂದಿಬಣ್ಣ
ಹಾಗೆ ನೋಡಿದರೆ ಕಡ್ಡಿ ತಯಾರಿಸಿದ ಕಾರ್ಖಾನೆ, ಬಣ್ಣ ಕಂಡುಹಿಡಿದ ರಸಾಯನ ತಜ್ಞ, ಗಾಜು ಕಾಯಿಸುವ ಟಾರ್ಚ್ ಮಾಡಿದವರು, ಎಲ್ಲರ ಹೆಸರೂ ಬರೆಯಬೇಕಾಗುತ್ತೆ. ಹನುಮಂತನ ಬಾಲ ಆಗುತ್ತೆ. ಗೆರೆ ಎಲ್ಲಿ ಎಳೀತೀರಿ?

ಕುಲುಮೆಹುಳು
ಗೆರೆ ಸುಲಭ. ಕಡ್ಡಿ ಸರಕು. ಅದರಿಂದ ಏನು ಬೇಕಾದರೂ ಆಗಬಹುದು. ಮುರಿನಿ ಮುಗಿದ ಚಿತ್ರ. ಅದರಲ್ಲಿ ಕಣ್ಣಿದ್ದರೆ ಕಣ್ಣೇ ಕಾಣಬೇಕು, ಬೇರೇನೂ ಆಗಲ್ಲ. ಬೇರೆಯವರು ಮುಗಿಸಿದ ತೀರ್ಮಾನ ನಿಮ್ಮ ಗೋಲಿಯಲ್ಲಿ ಹಾಗೇ ಉಳಿದಿದ್ದರೆ ಹೆಸರು ಹೇಳಿ. ಕರಗಿ ನಿಮ್ಮ ತೀರ್ಮಾನವಾಗಿದ್ದರೆ ಬೇಡ.

ಗಾಜುಗಣ್ಣು
ಇದು ಒಳ್ಳೆ ಅಳತೆಗೋಲು. ನಾನು ಮೇಲೆ "ಯಾರದ್ದೂ ಅಲ್ಲ" ಅಂದದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಸುಳಿ ಯಾರದ್ದೂ ಅಲ್ಲ. ಸುಳಿಯೊಳಗಿನ ಮುಗಿದ ತೀರ್ಮಾನ ಯಾರದ್ದೋ.

ಉರಿಮೊಗ್ಗು
ಒಂದು ಅನುಮಾನ. ಒಬ್ಬರು ಸಾಫ್ಟ್ ಗ್ಲಾಸಿನಲ್ಲಿ, ಅಂದರೆ ಹಿಗ್ಗುವ ಪ್ರಮಾಣ 104 ಇರುವ ಗಾಜಿನಲ್ಲಿ, ಮಾಡಿದ ವಿನ್ಯಾಸವನ್ನು ಇನ್ನೊಬ್ಬರು ಬೋರೋಗೆ ತಂದರೆ ಅದು ನಕಲೋ ಹೊಸತೋ?

ತಣ್ಣನೆಬೆಂಕಿ
ಹಾಗೇ ತಂದರೆ ನಕಲೇ, ಆದರೆ ಹಾಗೇ ತರೋಕೆ ಆಗೋದೇ ಇಲ್ಲ. ಎರಡರ ಬಣ್ಣಗಳೇ ಬೇರೆ. ಬೋರೋದಲ್ಲಿ ಕ್ಯಾಡ್ಮಿಯಂ ಕೆಂಪು, ಹಳದಿಗಳು ಉರಿ ಜಾಸ್ತಿಯಾದರೆ ಕುದಿದು ನೊರೆಯಾಗುತ್ತವೆ. ಹೊರಗಿನ ತಣ್ಣನೆಯ ಉರಿಯಲ್ಲಿ ನಿಧಾನಕ್ಕೆ ಮಾಡಬೇಕು, ಅಥವಾ ಮೊದಲೇ ಪಾರದರ್ಶಕ ಗಾಜಿನಲ್ಲಿ ಹೊದಿಸಿದ ಕಡ್ಡಿ ಎಳೆದಿಟ್ಟುಕೊಳ್ಳಬೇಕು. ಬೆಳ್ಳಿಯ ಅಂಶವಿರುವ ಬಣ್ಣಗಳು ಮತ್ತೆ ಕಾಯಿಸಿದಾಗ ತಾನೇ ಬದಲಾಗುತ್ತವೆ. ಯೋಜನೆ ಮಾಡಿದ ಕಡೆ ನಿಲ್ಲಲ್ಲ.

ಇನ್ನು ಎರಡನ್ನೂ ಒಂದೇ ಗೋಲಿಯಲ್ಲಿ ಸೇರಿಸುವ ಆಸೆ ಬೇಡ. ಹಿಗ್ಗುವ ಪ್ರಮಾಣ 33 ಒಂದು ಕಡೆ, 104 ಇನ್ನೊಂದು ಕಡೆ. ತಣ್ಣಗಾಗುವಾಗಲೇ ಸೀಳುತ್ತೆ. 90, 96, 104 ಇವುಗಳೂ ಪರಸ್ಪರ ಹೊಂದಲ್ಲ.

ರೇಖಾಗಣಿತ
ಲೆನ್ಸೂ ಬೇರೆ ಆಗುತ್ತೆ. ಬೋರೋ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತೆ ಅನ್ನೋ ಅಂಕಿ) ಸುಮಾರು 1.47, ಸಾಫ್ಟ್ ಗ್ಲಾಸ್ ಸುಮಾರು 1.52. ಗೋಲಿಯ ಹಿಂಬದಿಯ ಗೋಡೆಯ ಮೇಲಿರುವ ಚಿತ್ರ ಮುಂದಿನಿಂದ ನೋಡಿದಾಗ ಬೋರೋದಲ್ಲಿ ಸುಮಾರು 2.8 ಪಟ್ಟು, ಸಾಫ್ಟ್ ಗ್ಲಾಸಿನಲ್ಲಿ 3.2 ಪಟ್ಟಿನ ಹತ್ತಿರ ದೊಡ್ಡದಾಗಿ ಕಾಣುತ್ತೆ. ನಟ್ಟನಡುವೆ ಇರುವುದು ಒಂದೂವರೆ ಪಟ್ಟು ಮಾತ್ರ. ಅದಕ್ಕೇ ಬೆನ್ನಿನ ಮೇಲೆ ಗೆರೆ 1 ಮಿ.ಮೀ. ಆಚೀಚೆ ಆದರೆ ಮುಂದೆ ಸುಮಾರು 3 ಮಿ.ಮೀ. ಸೊಟ್ಟ ಕಾಣೋದು.

ನಕಲು ಮಾಡುವವರು ಸಿಕ್ಕಿಬೀಳೋದೂ ಇಲ್ಲೇ. ಅವರಿಗೆ ಸಿಕ್ಕಿರೋದು ಮುಂದಿನ ಚಿತ್ರ. ಅದರಲ್ಲಿ ಕಾಣುವ ಅಳತೆ ನಿಜದ ಅಳತೆ ಅಲ್ಲ, ಆಳವೂ ಗೊತ್ತಾಗಲ್ಲ. ಕಂಡ ದಪ್ಪದ ಗೆರೆಯನ್ನೇ ಬೆನ್ನಿಗೆ ಇಟ್ಟುಬಿಡುತ್ತಾರೆ, ಸುಳಿ ಮುದ್ದೆಯಾಗುತ್ತೆ.

ಉರಿಮೊಗ್ಗು
ಅದು ಗೊತ್ತೇ ಇರಲಿಲ್ಲ! ಹಾಗಾದರೆ ಗೆರೆಗೆ ಎಷ್ಟು ದಪ್ಪದ ಸ್ಟ್ರಿಂಗರ್ (ತೆಳ್ಳಗೆ ಎಳೆದ ಗಾಜಿನ ಕಡ್ಡಿ)?

ರೇಖಾಗಣಿತ
40 ಮಿ.ಮೀ. ಗೋಲಿಗೆ 12 ಗೆರೆ ಅಂದರೆ 2 ಮಿ.ಮೀ. ಸಾಕು. ಎಲ್ಲಾ ಒಂದೇ ಸಲ ಒಂದೇ ಎಳೆತದಲ್ಲಿ ಎಳೆದ ಸ್ಟ್ರಿಂಗರ್ ಆಗಿರಲಿ, ಇಲ್ಲದಿದ್ದರೆ ದಪ್ಪ ಸಣ್ಣ ಆಗುತ್ತೆ. ಗಡಿಯಾರದ ಹಾಗೆ ಮೊದಲು 12, 6, ಆಮೇಲೆ 3, 9, ಆಮೇಲೆ ನಡುವಿನವು. ಒಂದು ಕಡೆಯಿಂದ ಸಾಲಾಗಿ ಇಟ್ಟುಕೊಂಡು ಹೋದರೆ ಕೊನೆಯದಕ್ಕೆ ಜಾಗವೇ ಉಳಿಯಲ್ಲ.

ಗಾಜಿನ ಲೆಕ್ಕವೂ ಹೇಳಿಬಿಡುತ್ತೇನೆ: 40 ಮಿ.ಮೀ. ಬೋರೋ ಗೋಲಿ ಸುಮಾರು 75 ಗ್ರಾಂ. 25 ಮಿ.ಮೀ. ಕಡ್ಡಿಯಲ್ಲಿ 7 ಸೆಂ.ಮೀ. ಹತ್ತಿರ, ಸುಟ್ಟು ಬಿಸಾಕುವ ಬಾಲಕ್ಕೆ ಇನ್ನೂ 1–2 ಸೆಂ.ಮೀ.

ಕಡ್ಡಿಪುಡಿ
ಅನೀಲಿಂಗ್‌ಗೆ (ಒಳಗಿನ ಬಿಗಿ ಬಿಡುವಂತೆ ನಿಧಾನಕ್ಕೆ ತಣಿಸೋದು) ಕಿಲ್ನ್, ಅಂದರೆ ಗೂಡು, 510ರಲ್ಲಿ ಇಟ್ಟರೆ ಸಾಕಲ್ವಾ?

ತಣ್ಣನೆಬೆಂಕಿ
ಸಾಲಲ್ಲ. ಬೋರೋಗೆ 510 ಅನ್ನೋದು ಒತ್ತಡ ಇನ್ನು ಬಿಡದೇ ಹೆಪ್ಪುಗಟ್ಟುವ ಅಂಚು. ಅಲ್ಲಿ ಒಳಗಿನ ಬಿಗಿ ಹೋಗೋಕೆ ಬಹಳ ಗಂಟೆ ಬೇಕು. 565 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ, ಆಮೇಲೆ 500ರವರೆಗೆ ಗಂಟೆಗೆ 50 ಡಿಗ್ರಿಯಂತೆ ಇಳಿಸಿ. 510ರ ಹತ್ತಿರದ ಅಂಕಿ ಸಾಫ್ಟ್ ಗ್ಲಾಸಿನದು, ಅದನ್ನು ಕೇಳಿ ಬೋರೋಗೆ ಹಾಕೋರು ಬಹಳ. ಎರಡು ಪೋಲರೈಸಿಂಗ್ ಫಿಲ್ಟರ್ ಅಡ್ಡಡ್ಡ ಹಿಡಿದು ನಡುವೆ ಗೋಲಿ ಇಟ್ಟು ನೋಡಿ. ಪಾರದರ್ಶಕ ಭಾಗದಲ್ಲಿ ಬೆಳ್ಳಗೆ ಮೋಡ ಕಂಡರೆ ಬಿಗಿ ಉಳಿದಿದೆ.

ಸುತ್ತುಗೆರೆ
ಮಾತು ಎಲ್ಲೆಲ್ಲಿಗೋ ಹೋಯಿತು, ಆದರೆ ಉಪಯೋಗದ್ದೇ. ಮತ್ತೆ ದಾರಿಗೆ ಬರೋಣ. ತರಗತಿಯಲ್ಲಿ ಹೇಳಿಕೊಟ್ಟ ವಿನ್ಯಾಸ ಇದ್ದರೆ? ಕಲಿಸಿದವರೇ ಹಂತ ಹಂತವಾಗಿ ಕೊಟ್ಟಿದ್ದಾರಲ್ಲ.

ನೀಲಿಗೋಲಿ
ಕಲಿಸುವವರು ಮೊದಲೇ ಹೇಳಿಬಿಡಬೇಕು: ಇದನ್ನು ಮಾರಬಹುದೋ, ಅಭ್ಯಾಸಕ್ಕೆ ಮಾತ್ರವೋ. ಬಹಳ ಜಗಳ ಹುಟ್ಟೋದು ಅದನ್ನು ಹೇಳದೇ ಇದ್ದದ್ದರಿಂದ. ಹೇಳದಿದ್ದರೆ ಕಲಿತವರು ಕೇಳಬೇಕು. ಒಂದು ಸಾಲಿನ ಪ್ರಶ್ನೆ.

ಅಭ್ಯಾಸದ ಪ್ರತಿಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಎಷ್ಟು ಬೇಕಾದರೂ ಮಾಡಿ, ತದ್ರೂಪೇ ಮಾಡಿ, ಕೈ ಪಳಗೋದೇ ಹಾಗೆ. ಆದರೆ ನಿಮ್ಮ ಸಹಿ ಹಾಕಿ ಹೊರಗೆ ಬಿಡಬೇಡಿ.

ಬೂದಿಬಣ್ಣ
ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಅಮೆರಿಕದ ಗಾಜಿನ ಕಲಾವಿದ ಜಾಶ್ ಸಿಂಪ್ಸನ್ 1976ರಲ್ಲಿ ಗಾಜಿನ ಗ್ರಹಗಳನ್ನು ಮಾಡೋಕೆ ಶುರು ಮಾಡಿದರು, ಒಳಗೆ ಸಮುದ್ರ, ಭೂಮಿ, ಮೋಡ. ಆಮೇಲೆ ಗ್ರಹದ ಗೋಲಿ ಮಾಡಿದ ಎಲ್ಲರೂ ಅವರ ಹೆಸರು ಬರೆಯಬೇಕಾ? ಗುಂಡಗಿನ ಗಾಜು ಕಂಡ ಯಾರಿಗೂ ಗ್ರಹ ನೆನಪಾಗುತ್ತೆ.

ಓದುಗಾರ್ತಿ
ಗ್ರಹ ಅನ್ನೋ ಯೋಚನೆಗೆ ಬೇಡ. ಅದು ಜೆಲ್ಲಿಮೀನಿನ ಥರದ್ದೇ. ಆದರೆ ಅವರ ಪದರಗಳ ಕ್ರಮ, ಅವರದೇ ಬಗೆಯ ಹವಳದಂಥ ಗುಚ್ಛ, ಮೇಲೆ ಅವರು ತೇಲಿಸುವ ರೀತಿ, ಇಷ್ಟನ್ನೂ ಒಟ್ಟಿಗೆ ತಂದರೆ ನೋಡಿದವರು "ಇದು ಅವರದಾ?" ಅಂತ ಕೇಳುತ್ತಾರೆ. ಆ ಪ್ರಶ್ನೆ ಎದ್ದರೆ ಹೆಸರು ಬೇಕು.

ಬೂದಿಬಣ್ಣ
ಸರಿ, "ಇದು ಅವರದಾ" ಅನ್ನೋ ಪರೀಕ್ಷೆ ಒಪ್ಪುತ್ತೇನೆ. ಗೆರೆ ಎಣಿಸೋ ಪರೀಕ್ಷೆಗಿಂತ ಇದು ಪ್ರಾಮಾಣಿಕ.

ಕುಲುಮೆಹುಳು
ಎಲ್ಲಿಂದ ಬಂತು ಅಂತ ಹೇಳಿಕೊಂಡರೆ ಕೆಲಸ ಸಣ್ಣದಾಗಲ್ಲ. ಅಮೆರಿಕದ ಗಾಜಿನ ಕಲಾವಿದ ಟಿಫಾನಿ 1894ರಲ್ಲಿ ಫಾವ್ರಿಲ್ ಅಂತ ನೋಂದಾಯಿಸಿದ ಕಾಮನಬಿಲ್ಲಿನ ಗಾಜಿಗೆ ಪ್ರೇರಣೆ ನೆಲದಿಂದ ಅಗೆದು ತೆಗೆದ ರೋಮನ್ ಗಾಜು. ಶತಮಾನಗಟ್ಟಲೆ ಮಣ್ಣಲ್ಲಿ ಕೂತು ಮೇಲ್ಮೈ ಪದರಪದರವಾಗಿ ಸವೆದು ಬಂದ ಹೊಳಪು ಅದು. ಅದನ್ನು ಲೋಹದ ಲವಣದ ಹೊಗೆಯಿಂದ ತಂದರು. ಈಗ ನಾವು ಬೆಳ್ಳಿ, ಚಿನ್ನದ ಹೊಗೆ ಹಿಡಿಸೋದೂ ಅದೇ ವಂಶದ್ದು. (ಹೊಗೆ ಹಿಡಿಸೋರು ದಯವಿಟ್ಟು ಉರಿಯ ಬಾಯಲ್ಲೇ ಎಳೆದುಕೊಳ್ಳುವ ಎಕ್ಸಾಸ್ಟ್ ಇಲ್ಲದೆ ಕೂರಬೇಡಿ. ಕಿಟಕಿ ತೆರೆದರೆ ಸಾಲಲ್ಲ.)

ಉರಿಮೊಗ್ಗು
ಸಹಿ ಅಂದಿರಲ್ಲ, ಎಲ್ಲಿ ಹಾಕೋದು? ಕೆತ್ತೋದಾ, ಮುರಿನಿ ಇಡೋದಾ?

ನೀಲಿಗೋಲಿ
ಮುರಿನಿಯೇ ಮೇಲು. ಫ್ರಾನ್ಸಿನ ಬಕಾರಾ ಗಾಜಿನ ಕಾರ್ಖಾನೆಯವರು 1840ರ ದಶಕದ ಪೇಪರ್‌ವೇಟ್‌ಗಳಲ್ಲಿ "ಬಿ" ಅಕ್ಷರ, ಕೆಳಗೆ 1847 ಅಥವಾ 1848 ಅಂತ ಇರುವ ಕಡ್ಡಿಯ ಚೂರನ್ನು ಹೂಗಳ ನಡುವೆ ಸೇರಿಸುತ್ತಿದ್ದರು. ಇವತ್ತಿಗೂ ಯಾರದು, ಯಾವ ವರ್ಷದ್ದು ಅಂತ ಜಗಳವಿಲ್ಲ. ಕೆತ್ತಿದ್ದನ್ನು ಉಜ್ಜಿ ತೆಗೆಯಬಹುದು, ಒಳಗೆ ಹೊದಿಸಿದ್ದನ್ನು ಆಗಲ್ಲ.

ತಣ್ಣನೆಬೆಂಕಿ
ಇಡೋ ಕ್ರಮ: ಬೆನ್ನಿನ ಕಪ್ಪು ಹೊದಿಕೆ ಮುಗಿದ ಮೇಲೆ, ಪಂಟಿ ಗುರುತಿನಿಂದ 5–6 ಮಿ.ಮೀ. ಪಕ್ಕಕ್ಕೆ. ನಡುವೆಯೇ ಇಟ್ಟರೆ ಕೊನೆಯಲ್ಲಿ ಪಂಟಿ ಗುರುತು ಕರಗಿಸುವಾಗ ಅಕ್ಷರ ಹರಿದುಹೋಗುತ್ತೆ. ಚೂರನ್ನು ಮೊದಲು ಕಿಲ್ನ್ ಅಂಚಲ್ಲಿ ಕಾಯಿಸಿಡಿ, ತಣ್ಣಗೆ ಒತ್ತಿದರೆ ಚಟ್ ಅಂತ ಸಿಡಿಯುತ್ತೆ. ಜಾಗವನ್ನು ಕೆಂಪಗೆ ಕಾಯಿಸಿ, ಚೂರಿನ ಒಂದು ಅಂಚನ್ನು ಮೊದಲು ತಾಗಿಸಿ ನಿಧಾನಕ್ಕೆ ಮಲಗಿಸಿ. ಪೂರ್ತಿ ಒಂದೇ ಸಲ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಗುತ್ತೆ. ಮೇಲೆ ಒಂದು ಹನಿ ಪಾರದರ್ಶಕ ಗಾಜು, ಅಂಚುಗಳ ಮೇಲೆ ಹರಿಯುವಷ್ಟು. ಆಮೇಲೆ ಗ್ರಾಫೈಟ್ ಅಚ್ಚಿನಲ್ಲಿ ಉರುಟು. ಅಚ್ಚನ್ನು ಮೊದಲು ಸ್ವಲ್ಪ ಬಿಸಿ ಮಾಡಿ, ಇಲ್ಲದಿದ್ದರೆ ಮೇಲ್ಮೈ ಮೇಲೆ ಸುಕ್ಕಿನ ಗುರುತು ಬೀಳುತ್ತೆ.

ಉರಿಮೊಗ್ಗು
ಮತ್ತೆ ಆ ಓಪಲ್? ಕಲ್ಲಿನ ಓಪಲ್ ಹಾಕಬಹುದಾ?

ರೇಖಾಗಣಿತ
ಬೇಡ. ನೆಲದಿಂದ ಬಂದ ಓಪಲ್ ಒಳಗೆ ನೀರಿನಂಶ ಇರುತ್ತೆ, ಉರಿಗೆ ಬಂದ ಕೂಡಲೇ ಬಿರಿದು ಬೆಳ್ಳಗಾಗುತ್ತೆ. ಹೊದಿಸೋಕೆ ಅಂತಲೇ ಬರುವ ಕೃತಕ ಓಪಲ್ ಬೇಕು. ಅದನ್ನೂ ನೇರ ಉರಿಗೆ ಹಿಡಿಯಬಾರದು. ಕಿಲ್ನ್‌ನಲ್ಲಿ ಕಾಯಿಸಿ, ಬಿಸಿ ಗಾಜಿನ ಗುಂಡಿಯಲ್ಲಿ ಕೂರಿಸಿ, ಮೇಲಿಂದ ಪಾರದರ್ಶಕ ಗಾಜನ್ನು ಮುಚ್ಚುವಾಗ ಉರಿಯನ್ನು ಹೊಸ ಗಾಜಿನ ಕಡೆಗೆ ತಿರುಗಿಸಿಟ್ಟುಕೊಳ್ಳಿ.

ಸುತ್ತುಗೆರೆ
ಸರಿ. ಮೇಲಿನ ಉದಾಹರಣೆಯ ಗೋಲಿಗೆ ಈಗ ಹೀಗೆ ವಿವರಣೆ ಬರೆದರೆ ಒಪ್ಪುತ್ತೀರಾ: "ಬೋರೋ ಸುಳಿ ಗೋಲಿ, 40 ಮಿ.ಮೀ. 12 ಗೆರೆ, ಕಪ್ಪು ಬೆನ್ನು, ಕೃತಕ ಓಪಲ್. ಗೆರೆ ಜೋಡಣೆ ಮತ್ತು ಬಣ್ಣ ಇಂಥವರ ಕೆಲಸ ನೋಡಿ ಕಲಿತದ್ದು. ಓಪಲ್ ಜಾಗ ನನ್ನದು"?

ಕುಲುಮೆಹುಳು
ಒಪ್ಪಿಗೆ. "ಇಂಥವರ" ಅನ್ನೋ ಕಡೆ ಹೆಸರು ತುಂಬಿ.

ಬೂದಿಬಣ್ಣ
ಮತ್ತೆ ಮುಂದಿನ ಗೋಲಿಗೆ ಗೆರೆ 11 ಮಾಡಿ ನೋಡಿ. ಬಿಳಿ-ನೀಲಿ ಸಮ ಕೂರಲ್ಲ, ಎಲ್ಲೋ ಒಂದು ಕಡೆ ಎರಡು ನೀಲಿ ಪಕ್ಕಪಕ್ಕ ಬಂದೇ ಬರುತ್ತೆ. ತಿರುಚಿದಾಗ ಆ ಜೋಡಿಗೆರೆ ಸುಳಿಯ ತುಂಬ ಒಂಟಿಯಾಗಿ ಓಡುತ್ತೆ.

ರೇಖಾಗಣಿತ
11ಕ್ಕೆ ಗಡಿಯಾರದ ಲೆಕ್ಕ ನಡೆಯಲ್ಲ. ಕಾಗದದಲ್ಲಿ ವೃತ್ತ ಬರೆದು 33 ಡಿಗ್ರಿಗೊಂದು ಗುರುತು ಹಾಕಿ ಮುಂದಿಟ್ಟುಕೊಳ್ಳಿ, ಕೊನೆಯ ಸಂದಿ 30 ಡಿಗ್ರಿ ಆಗುತ್ತೆ. ಆ ಸಣ್ಣ ಸಂದಿಯಲ್ಲೇ ಎರಡು ನೀಲಿ ಬರಲಿ.